ಅಮೆರಿಕದ ಕ್ಯಾಸರೋಲ್ ನಮ್ಮ ಒಲೆಗೆ ಬಂದಾಗ: ಯಾವುದನ್ನ ಬದಲಾಯಿಸೋದು, ಯಾವುದನ್ನ ಮುಟ್ಟಬಾರದು

ನಮ್ಮನೇಲಿ ಕ್ಯಾಸರೋಲ್ ಅಂದ್ರೆ ಚಪಾತಿ ಬಿಸಿಯಾಗಿಡೋ ಹಾಟ್‌ಬಾಕ್ಸ್. ಮದುವೆಗೆ ಬಂದಿದ್ದು, ಗೃಹಪ್ರವೇಶಕ್ಕೆ ಬಂದಿದ್ದು ಅಂತ ಅಟ್ಟದ ಮೇಲೆ ಮೂರು ಇವೆ, ಒಂದರ ರಟ್ಟಿನ ಡಬ್ಬಾನೂ ಬಿಚ್ಚಿಲ್ಲ. ಹಂಗಾಗಿ ಒಹಾಯೋದಲ್ಲಿರೋ ನಮ್ಮಕ್ಕ ಫ್ಯಾಮಿಲಿ ಗ್ರೂಪಲ್ಲಿ "ಎಲ್ರೂ ಈ ಭಾನುವಾರ ಕ್ಯಾಸರೋಲ್ ಮಾಡಿ, ರೆಸಿಪಿ ಹಾಕಿದೀನಿ" ಅಂದಾಗ, ಮದ್ದೂರು ಕಡೆ ಹಳ್ಳೀಲಿರೋ ನಮ್ಮತ್ತೆ ವಾಯ್ಸ್ ಮೆಸೇಜ್ ಕಳಿಸಿದ್ರು, "ಅದುನ್ನ ಅಂಗ್ಡೀಲಿ ತಕ್ಕೊಳದಲ್ವಾ ಮಗಾ, ಮಾಡದು ಎಂಗೆ?" ಅಂತ. ಪ್ರಶ್ನೇಲಿ ತಪ್ಪೇನಿಲ್ಲ. ಅಲ್ಲಿ ಪಾತ್ರೆಗೂ ಅದೇ ಹೆಸರು, ಆ ಪಾತ್ರೇಲಿ ಓವನ್ನಲ್ಲಿ ಬೇಯಿಸಿ ಹಂಗೇ ಟೇಬಲ್ ಮೇಲೆ ತಂದಿಡೋ ಅಡುಗೆಗೂ ಅದೇ ಹೆಸರು. ಪಾಸ್ತಾನೋ ಆಲೂನೋ ಅನ್ನನೋ ಒಂದು, ಅದಕ್ಕೆ ಗಟ್ಟಿ ಸಾಸ್, ಒಂದಿಷ್ಟು ಚಿಕನ್ ಅಥವಾ ಕಾಳು, ಮೇಲೆ ಚೀಸು, ಅದರ ಮೇಲೆ ಗರಿಗರಿ ಪುಡಿ, ಅಷ್ಟೇ. ಬಿಸಿಬೇಳೆ ಬಾತ್ ತಿಂದವರಿಗೆ ಒಂದೇ ಪಾತ್ರೇಲಿ ಊಟ ಮುಗಿಸೋ ಐಡಿಯಾ ಹೊಸದೇನಲ್ಲ ಬಿಡಿ.

ಅಕ್ಕ ಹಾಕಿದ್ದ ರೆಸಿಪಿ ಹಿಂಗಿತ್ತು. 12 ಔನ್ಸ್ ಎಗ್ ನೂಡಲ್ಸ್, ಕಂಡೆನ್ಸ್ಡ್ ಮಶ್ರೂಮ್ ಸೂಪ್ 2 ಟಿನ್ನು, ಸೌರ್ ಕ್ರೀಮ್ (ಹುಳಿ ಬರಿಸಿದ ಗಟ್ಟಿ ಕೆನೆ) 1 ಕಪ್, ತುರಿದ ಚೆಡರ್ ಚೀಸ್ 2 ಕಪ್, ಬೇಯಿಸಿ ಬಿಡಿಸಿದ ಚಿಕನ್ 3 ಕಪ್, ಫ್ರೋಜನ್ ಬಟಾಣಿ 1 ಕಪ್, ಮೇಲಕ್ಕೆ ಕ್ರ್ಯಾಕರ್ ಬಿಸ್ಕತ್ತು ಪುಡಿ ಮಾಡಿ ಅರ್ಧ ಸ್ಟಿಕ್ (ಸುಮಾರು 57 ಗ್ರಾಂ) ಬೆಣ್ಣೇಲಿ ಕಲಸಿದ್ದು. 9 ಇಂಟು 13 ಇಂಚಿನ ಪಾತ್ರೆ, 350 ಡಿಗ್ರಿ, 35 ನಿಮಿಷ. ನಾನು ಫಸ್ಟ್ ಟೈಮ್ ಮಾಡಿದಾಗ ಆ 350 ನೋಡಿ ನಮ್ಮ ಓಟಿಜಿ (ಕರೆಂಟಲ್ಲಿ ನಡೆಯೋ ಚಿಕ್ಕ ಓವನ್) 250ರಲ್ಲೇ ನಿಂತೋಗತ್ತಲ್ಲ ಇದೇನು ಕೆಟ್ಟೋಗಿದ್ಯಾ ಅಂತ ಅಂದ್ಕೊಂಡು ಫುಲ್ಲಿಗೆ ತಿರುಗಿಸಿ ಇಟ್ಬಿಟ್ಟೆ. ಅದು ಫ್ಯಾರನ್‌ಹೀಟು, ನಮ್ಮ ಲೆಕ್ಕದಲ್ಲಿ 177, ಅಂದ್ರೆ 180ಕ್ಕೆ ಇಟ್ರೆ ಸರಿ. ನಾನು ಫುಲ್ಲಿಗೆ ಇಟ್ಟಿದ್ದಕ್ಕೆ ಮೇಲೆ ಕರಕಲು, ಮಧ್ಯದಲ್ಲಿ ತಣ್ಣಗೆ. ಸಾಲದ್ದಕ್ಕೆ ಟಿನ್ ಸೂಪ್ ಬದಲಿಗೆ ಪ್ಯಾಕೆಟ್ ಸೂಪ್ ಪುಡಿಗೆ ಅದರ ಮೇಲೆ ಬರೆದಷ್ಟೂ ನೀರು ಹಾಕಿ ಸುರಿದಿದ್ದೆ, ಪಾಸ್ತಾ ಸೂಪಲ್ಲಿ ತೇಲ್ತಿತ್ತು. ಅದೂ ಸಾಲದು ಅಂತ ಗಾಜಿನ ಡಿಶ್ಶನ್ನ ತೆಗೆದು ಒದ್ದೆ ಇದ್ದ ಗ್ರಾನೈಟ್ ಕಟ್ಟೆ ಮೇಲೆ ಇಟ್ಟೆ, ಟಪ್ ಅಂತ ಸದ್ದು ಬಂತು, ಅಡುಗೆಮನೆ ತುಂಬ ಗಾಜು ಮತ್ತೆ ಪಾಸ್ತಾ. ಅವತ್ತು ರಾತ್ರಿ ಮೊಸರನ್ನ ತಿಂದು ಮಲಗಿದ್ವಿ.

ಆಮೇಲೆ ಏಳೆಂಟು ಸಲ ಮಾಡಿದೀನಿ, ಮೈಸೂರಲ್ಲೂ ಮಾಡಿದೀನಿ, ಅತ್ತೆ ಮನೇಲೂ ಮಾಡಿದೀನಿ. ಪ್ರತೀ ಸಲ ಯಾರೋ ಒಬ್ರು ಕೇಳ್ತಾರೆ, ಅದಿಲ್ಲ ಇದನ್ನ ಹಾಕ್ಬಹುದಾ, ಇದಿಲ್ಲ ಅದಾಗತ್ತಾ ಅಂತ. ಆಗತ್ತೆ, ಆದ್ರೆ ಆ ರೆಸಿಪೀಲಿ ಆ ಸಾಮಾನು ಏನ್ ಕೆಲಸ ಮಾಡ್ತಿತ್ತು ಅಂತ ಗೊತ್ತಿರ್ಬೇಕು. ಟಿನ್ ಸೂಪು ಅಲ್ಲಿ ರುಚಿಗೆ ಇರೋದಲ್ಲ, ಎಲ್ಲಾನೂ ಹಿಡಿದಿಡೋ ಅಂಟು ಅದು. ಬಿಸ್ಕತ್ತು ಪುಡಿ ಹೊಟ್ಟೆ ತುಂಬಿಸೋಕಲ್ಲ, ಮೆತ್ತಗಿನದರ ಮೇಲೆ ಹಲ್ಲಿಗೆ ಸಿಗೋಕೆ. ಚೆಡರು ಉಪ್ಪು ಹುಳಿ ಎರಡನ್ನೂ ತರತ್ತೆ. ಈ ಕೆಲಸಗಳನ್ನ ಬಿಡದೆ ಸಾಮಾನು ಬದಲಾಯಿಸಿದ್ರೆ ಏನ್ ಬೇಕಾದ್ರೂ ನಡೆಯತ್ತೆ. ನನಗೆ ಆಯ್ಕೆ ಮಾಡೋಕೆ ಕಷ್ಟ ಆಗಿದ್ದೆಲ್ಲ ಕೆಳಗೆ ಬರೆದಿದೀನಿ, ಸುಲಭ ಇದ್ದಿದ್ದನ್ನ ಒಂದೊಂದು ಸಾಲಲ್ಲಿ ಮುಗಿಸ್ತೀನಿ.

ಎಲ್ಲಕ್ಕಿಂತ ಮೊದಲು, ಯಾತರಲ್ಲಿ ಬೇಯಿಸ್ತೀರಾ

ಇದನ್ನ ತೀರ್ಮಾನ ಮಾಡ್ದೆ ತರಕಾರಿ ಹೆಚ್ಚೋಕೆ ಕೂರ್ಬೇಡಿ. ಓಟಿಜಿ ಇದ್ರೆ ಯೋಚನೆ ಕಮ್ಮಿ, 10 ನಿಮಿಷ ಪ್ರಿಹೀಟು (ಖಾಲಿ ಓವನ್ ಕಾಯಿಸೋದು), 180ರಲ್ಲಿ ಎರಡೂ ರಾಡ್ ಆನ್ ಮಾಡಿ 30 ನಿಮಿಷ, ಕೊನೆ 5 ನಿಮಿಷ ಮೇಲಿನ ರಾಡ್ ಮಾತ್ರ. ಆದ್ರೆ 9 ಇಂಟು 13 ಇಂಚು ಅಂದ್ರೆ 23 ಇಂಟು 33 ಸೆಂಟಿಮೀಟರು, ನಮ್ಮಲ್ಲಿ ಜಾಸ್ತಿ ಮನೇಲಿರೋ 16 ಲೀಟರ್ ಸೈಜಿನ ಓಟಿಜಿ ಬಾಗಿಲೇ ಮುಚ್ಚಲ್ಲ. ಅದಕ್ಕೆ ಅರ್ಧ ರೆಸಿಪಿ ಮಾಡಿ 8 ಇಂಚಿನ ಚೌಕ ಟಿನ್ನಲ್ಲಿ ಹಾಕಿ. ಲೆಕ್ಕ ಬೇಕಾದ್ರೆ ನೋಡಿ, ದೊಡ್ಡ ಪಾತ್ರೆ 117 ಚದರ ಇಂಚು, 8 ಇಂಟು 8 ಅಂದ್ರೆ 64, ಹೆಚ್ಚುಕಮ್ಮಿ ಅರ್ಧ. ಮನೇಲಿರೋದು 8 ಇಂಚಿನ ರೌಂಡ್ ಕೇಕ್ ಟಿನ್ ಆಗಿದ್ರೆ 50 ಚದರ ಇಂಚು ಅಷ್ಟೇ, ಅದರಲ್ಲಿ ಪೂರ್ತಿ ತುಂಬೋಕೆ ಹೋಗ್ಬೇಡಿ, ಉಕ್ಕಿ ರಾಡ್ ಮೇಲೆ ಬಿದ್ರೆ ಆ ಹೊಗೆ ವಾಸನೆ ಮೂರು ದಿನ. ಅರ್ಧ ರೆಸಿಪಿ ನಾಲ್ಕು ಜನಕ್ಕೆ ಧಾರಾಳ ಆಗತ್ತೆ.

ಕನ್ವೆಕ್ಷನ್ ಮೈಕ್ರೋವೇವ್ ಇದ್ರೆ ಅದರಲ್ಲೂ ಚೆನ್ನಾಗೇ ಆಗತ್ತೆ, ಒಳಗೆ ಫ್ಯಾನ್ ಇರೋದ್ರಿಂದ 10-15 ಡಿಗ್ರಿ ಕಮ್ಮಿ ಇಡಿ, ಇಲ್ಲಾಂದ್ರೆ ಮೇಲಿನ ಪುಡಿ ಬೇಗ ಕೆಂಪಾಗಿ ಒಳಗೆ ಹಸಿಹಸಿ ಉಳಿಯತ್ತೆ. ಮೆಟಲ್ ಟಿನ್ನು ಕನ್ವೆಕ್ಷನ್ ಮೋಡಲ್ಲಿ ಓಕೆ, ಮೈಕ್ರೋ ಮೋಡಲ್ಲಿ ಬೇಡ, ಬಟನ್ ಒತ್ತೋಕೆ ಮುಂಚೆ ಒಂದ್ಸಲ ಕಣ್ಣಾಡಿಸಿ. ಬರೀ ಮೈಕ್ರೋ ಮೋಡಲ್ಲಿ ಮಾಡಿದ್ರೆ ಬಿಸಿ ಆಗತ್ತೆ, ಬೇಯತ್ತೆ, ಆದ್ರೆ ಕೆಂಪಾಗಲ್ಲ, ಹಾಸ್ಟೆಲ್ ಊಟದ ಥರ ಕಾಣತ್ತೆ.

ಎರಡೂ ಇಲ್ದವರು ಬೇಜಾರು ಮಾಡ್ಕೋಬೇಡಿ. ಹಳೇ ಕುಕ್ಕರ್ ಒಂದು ತಗೊಂಡು ಗ್ಯಾಸ್ಕೆಟ್ಟು ವಿಷಲ್ಲು ಎರಡೂ ತೆಗೆದು (ಇದು ಮರೀಲೇಬಾರದು), ತಳಕ್ಕೆ ಒಂದಿಂಚು ಕಲ್ಲುಪ್ಪು ಹರಡಿ, ಅದರ ಮೇಲೊಂದು ಸ್ಟ್ಯಾಂಡು, ಮುಚ್ಚಳ ಮುಚ್ಚಿ 10 ನಿಮಿಷ ಕಾಯಿಸಿ, ಆಮೇಲೆ ಒಳಗಿಡೋಷ್ಟು ಚಿಕ್ಕ ಪಾತ್ರೇಲಿ ಹಾಕಿಟ್ಟು ಸಣ್ಣ ಉರೀಲಿ 40-45 ನಿಮಿಷ. ಒಳ್ಳೆ ಕುಕ್ಕರ್ ಇಡ್ಬೇಡಿ, ನೀರಿಲ್ದೆ ಅಷ್ಟು ಹೊತ್ತು ಕಾದ್ರೆ ತಳ ಸೊಟ್ಟಗಾಗತ್ತೆ. ಇದರಲ್ಲಿ ಇರೋ ಒಂದೇ ತೊಂದರೆ ಏನಪ್ಪಾ ಅಂದ್ರೆ ಬಿಸಿ ಕೆಳಗಿಂದ ಬರತ್ತೆ, ಮುಚ್ಚಳದಿಂದ ಹಬೆ ನೀರು ತೊಟ್ಟಿಕ್ಕತ್ತೆ, ಮೇಲಿನ ಪುಡಿ ಗರಿ ಆಗೋ ಮಾತೇ ಇಲ್ಲ. ಅದಕ್ಕೆ ಪುಡೀನ ಬೇಯಿಸೋಕೆ ಮುಂಚೆ ಹಾಕ್ಲೇಬೇಡಿ, ಪಕ್ಕದ ಬರ್ನರಲ್ಲಿ ತವಾ ಇಟ್ಟು ತುಪ್ಪದಲ್ಲಿ ಕೆಂಪಗೆ ಹುರಿದಿಟ್ಕೊಂಡು ಬಡಿಸೋವಾಗ ಉದುರಿಸಿ. ನಿಜ ಹೇಳ್ಬೇಕಂದ್ರೆ ಈಗ ನಾನು ಓಟಿಜಿಲಿ ಮಾಡಿದ್ರೂ ಅರ್ಧ ಪುಡೀನ ಹಿಂಗೇ ಹುರಿದು ಹಾಕ್ತೀನಿ.

ಇನ್ನೊಂದು ದಾರಿ ನನಗೆ ಗೊತ್ತಾಗಿದ್ದು ಅಕಸ್ಮಾತ್ತಾಗಿ. ಸಂಕ್ರಾಂತಿಗೆ ಅತ್ತೆ ಮನೆಗೆ ಓಟಿಜಿನ ಕಾರಲ್ಲಿ ಹಾಕ್ಕೊಂಡು ಹೋಗಿದ್ದೆ, ದೊಡ್ಡ ಹುಚ್ಚು ಅಂದ್ಕೊಳ್ಳಿ. ಹತ್ತು ನಿಮಿಷ ಆಗಿತ್ತು, ಕರೆಂಟ್ ಹೋಯ್ತು. ಇನ್ವರ್ಟರಿಗೆ ಹಾಕಿ ಅಂತ ಮೈದುನ ಹೇಳ್ದ, ಫ್ಯಾನು ಲೈಟು ನೋಡ್ಕೊಳ್ಳೋ ಇನ್ವರ್ಟರು 1200 ವ್ಯಾಟ್ ಎಲ್ಲಿ ಎಳೆಯತ್ತೆ. ಅತ್ತೆ ಒಂದು ಮಾತಾಡ್ಲಿಲ್ಲ. ಹಿತ್ತಲ ಒಲೇಲಿ ಸ್ನಾನದ ನೀರು ಕಾಯಿಸಿ ಉರಿ ಇಳಿದು ಬರೀ ಕೆಂಡ ಉಳಿದಿತ್ತು, ಟಿನ್ನಲ್ಲಿದ್ದಿದ್ದನ್ನ ದಪ್ಪ ತಳದ ಪಾತ್ರೆಗೆ ಜರುಗಿಸಿ ಒಲೆ ಮೇಲಿಟ್ರು, ಮೇಲೆ ತಟ್ಟೆ ಬೋರಲು ಹಾಕಿ, ಇಕ್ಕಳದಲ್ಲಿ ಕೆಂಡ ಒಂದೊಂದೇ ಎತ್ತಿ ಆ ತಟ್ಟೆ ಮೇಲೆ ಜೋಡಿಸಿದ್ರು, ಅಂಚಿಗೆ ಜಾಸ್ತಿ, ಮಧ್ಯಕ್ಕೆ ಒಂದೆರಡು. ಕೆಳಗಿನ ಕೆಂಡಾನ ಕೋಲಲ್ಲಿ ಅರ್ಧ ಪಕ್ಕಕ್ಕೆ ಎಳೆದ್ರು. "ಕೆಳುಗ್ಡೆ ಒಸಿ ಕಮ್ಮಿ ಇರ್ಬೇಕು, ಮ್ಯಾಗ್ಡೆ ಜಾಸ್ತಿ" ಅಂದ್ರು. ಅರ್ಧ ಗಂಟೆ ಬಿಟ್ಟು ಬೂದಿ ಒರೆಸಿ ತಟ್ಟೆ ತೆಗೆದಾಗ ಚೀಸು ಅಂಚಲ್ಲಿ ಗುಳ್ಳೆ ಎದ್ದು ಕಂದು ಬಣ್ಣ, ಮಧ್ಯದಲ್ಲಿ ಹೊನ್ನಿನ ಬಣ್ಣ, ಜೊತೆಗೆ ಒಂಚೂರು ಹೊಗೆ ವಾಸನೆ. ನನ್ನ ಓಟಿಜಿಲಿ ಅಂಥದ್ದು ಇವತ್ತಿನವರೆಗೂ ಬಂದಿಲ್ಲ. ಒಲೆ ಇದ್ದು ಕೆಂಡ ಹಿಡಿಯೋ ಅಭ್ಯಾಸ ಇರೋರು ಮನೇಲಿದ್ರೆ ಕಣ್ಮುಚ್ಚಿ ಇದನ್ನೇ ಆರಿಸ್ಕೊಳ್ಳಿ.

ಗಾಜಿನ ಡಿಶ್ ಉಪಯೋಗಿಸೋರಿಗೆ ಒಂದೇ ಮಾತು, ಫ್ರಿಜ್ಜಿಂದ ತೆಗೆದು ಸೀದಾ ಬಿಸಿ ಓವನ್ನಿಗೆ ಇಡ್ಬೇಡಿ, ಓವನ್ನಿಂದ ತೆಗೆದು ಒದ್ದೆ ಕಲ್ಲಿನ ಮೇಲೂ ಇಡ್ಬೇಡಿ. ಒಣ ಬಟ್ಟೆ ಮಡಚಿ ಹಾಸಿ ಇಡಿ. ನನಗೆ ಈ ಪಾಠ ದುಬಾರಿ ಬಿತ್ತು.

ಟಿನ್ ಸೂಪಿನ ಜಾಗಕ್ಕೆ ಏನು

ಅಲ್ಲಿನ ಟಿನ್ನು 10.5 ಔನ್ಸು, ಅಂದ್ರೆ ಸುಮಾರು 300 ಗ್ರಾಂ. ಕಂಡೆನ್ಸ್ಡ್ ಅಂದ್ರೆ ಸೂಪ್ ಮಾಡ್ಬೇಕಾದ್ರೆ ಅಷ್ಟೇ ನೀರು ಸೇರಿಸ್ಕೋಬೇಕು, ಕ್ಯಾಸರೋಲಿಗೆ ಮಾತ್ರ ಸೇರಿಸ್ದೆ ಗಟ್ಟಿಯಾಗೇ ಹಾಕ್ತಾರೆ. ಮೈಸೂರಲ್ಲೂ ಇಂಪೋರ್ಟೆಡ್ ಸಾಮಾನು ಇಡೋ ದೊಡ್ಡ ಅಂಗಡೀಲಿ ಹುಡುಕಿದ್ರೆ ಸಿಗತ್ತೆ, ಅಕ್ಕನ ಮನೇಲಿ ತಿಂದ ರುಚಿ ಅದೇ ಬೇಕು ಅನ್ನೋರು ಒಂದ್ಸಲ ತಗೊಳ್ಳಿ. ನನಗೆ ಆ ಕಾಸಿಗೆ ಅದು ಲಾಯಕ್ಕಿಲ್ಲ ಅನ್ನಿಸ್ತು, ಬರೀ ಉಪ್ಪು. ಪ್ಯಾಕೆಟ್ ಪುಡೀಲಿ ಮಾಡ್ತೀನಿ ಅಂದ್ರೆ ಅದರ ಮೇಲೆ ಬರೆದ ನೀರಲ್ಲಿ ಅರ್ಧ ಮಾತ್ರ ಹಾಕಿ, ಅದರಲ್ಲಿ ಮೊದಲೇ ಉಪ್ಪಿರತ್ತೆ, ಮತ್ತೆ ಹಾಕ್ಬೇಡಿ. ಅರ್ಜೆಂಟಿಗೆ ಓಕೆ, ರುಚಿ ಮಾತ್ರ ಸ್ವಲ್ಪ ಸಿಹಿ ಸಿಹಿ.

ಉಳಿದಿದ್ದು ಮನೇಲೇ ಮಾಡೋ ವೈಟ್ ಸಾಸು. ಒಂದು ಟಿನ್ನಿಗೆ ಬದಲಾಗಿ 3 ಟೇಬಲ್ ಸ್ಪೂನ್ ಬೆಣ್ಣೆ, 3 ಟೇಬಲ್ ಸ್ಪೂನ್ ಮೈದಾ, 300 ಎಂಎಲ್ ಹಾಲು, 200 ಗ್ರಾಂ ಬಟನ್ ಮಶ್ರೂಮ್ ಪ್ಯಾಕೆಟ್ಟಲ್ಲಿ ಅರ್ಧ. ಮಶ್ರೂಮ್ ಸಣ್ಣಗೆ ಹೆಚ್ಚಿ ಬೆಣ್ಣೇಲಿ ಹಾಕಿದ್ರೆ ನೀರು ಬಿಡತ್ತೆ, ಆ ನೀರು ಪೂರ್ತಿ ಇಂಗಿ ಚುರ್ ಅನ್ನೋ ಸದ್ದು ಬರೋ ತನಕ ಕಾಯಿರಿ, ಅಲ್ಲಿ ಅವಸರ ಮಾಡಿದ್ರೆ ಆಮೇಲೆ ಓವನ್ನಲ್ಲಿ ನೀರು ಬಿಟ್ಟು ಸಾಸ್ ತೆಳ್ಳಗಾಗತ್ತೆ. ಆಮೇಲೆ ಮೈದಾ ಹಾಕಿ ಹಸಿ ವಾಸನೆ ಹೋಗೋ ತನಕ ಹುರಿದು, ಹಾಲನ್ನ ಸ್ವಲ್ಪಸ್ವಲ್ಪವಾಗಿ ಹಾಕ್ತಾ ತಿರುವೋದು. ಗಂಟಾಗತ್ತೆ ಅಂತ ಹೆದರೋರಿಗೆ ಹೇಳ್ತೀನಿ, ಮುದ್ದೆ ಗಂಟಿಲ್ದೆ ತಿರುವೋಕೆ ಬರೋ ಕೈಗೆ ವೈಟ್ ಸಾಸ್ ಯಾರೂ ಕಲಿಸ್ಬೇಕಾಗಿಲ್ಲ. ಸೌಟು ಎತ್ತಿದಾಗ ಇಡ್ಲಿ ಹಿಟ್ಟಿನ ಥರ ಬೀಳ್ಬೇಕು, ದೋಸೆ ಹಿಟ್ಟಿನ ಥರ ಬಿದ್ರೆ ಇನ್ನೊಂದೆರಡು ನಿಮಿಷ ಕುದಿಸಿ.

ಹಾಲು ಯಾವುದು ಅನ್ನೋದು ಇಲ್ಲಿ ನಿಜವಾಗ್ಲೂ ಮುಖ್ಯ. ನಂದಿನಿ ನೀಲಿ ಪ್ಯಾಕೆಟ್ಟಲ್ಲಿ ಕೊಬ್ಬು 3 ಪರ್ಸೆಂಟು, ಶುಭಂನಲ್ಲಿ 4.5, ಸಮೃದ್ಧೀಲಿ 6. ನೀಲಿಯಲ್ಲಿ ಮಾಡಿದ್ರೆ ಕೆಟ್ಟದೇನಾಗಲ್ಲ ಆದ್ರೆ ಪಾಯಸಕ್ಕೆ ನೀರು ಹಾಲು ಹಾಕಿದಂಗೆ ಬಾಯಲ್ಲಿ ನಿಲ್ಲಲ್ಲ, ನಾನು ಶುಭಂ ತಗೋತೀನಿ, ಸಮೃದ್ಧಿ ಆದ್ರೆ ಬೆಣ್ಣೆ ಒಂದು ಸ್ಪೂನ್ ಕಮ್ಮಿ ಮಾಡ್ತೀನಿ. ಅತ್ತೆ ಮನೇಲಿ ಡೇರಿಗೆ ಹಾಕೋಕೆ ಮುಂಚೆ ಎತ್ತಿಟ್ಟ ಹಾಲು, ಅದರ ಮುಂದೆ ಯಾವ ಪ್ಯಾಕೆಟ್ಟೂ ನಿಲ್ಲಲ್ಲ.

ಮೈದಾ ಬೇಡ ಅನ್ನೋರಿಗೆ ಮೂರು ದಾರಿ. ಕಾರ್ನ್‌ಫ್ಲೋರು ಮೈದಾದ ಅರ್ಧ ಸಾಕು, ತಣ್ಣನೆ ಹಾಲಲ್ಲಿ ಕದಡಿ ಹಾಕ್ಬೇಕು, ನೋಡೋಕೆ ಹೊಳೀತಿರತ್ತೆ, ಆದ್ರೆ ಜಾಸ್ತಿ ಹೊತ್ತು ಬೇಯಿಸಿದ್ರೆ ಮತ್ತೆ ನೀರಾಗತ್ತೆ, 40 ನಿಮಿಷದ ಬೇಕಿಂಗಿಗೆ ಅದನ್ನ ನಂಬೋಕಾಗಲ್ಲ. ಅಕ್ಕಿ ಹಿಟ್ಟು ಚೆನ್ನಾಗಿ ನಿಲ್ಲತ್ತೆ, ನಾಲಿಗೆಗೆ ಸ್ವಲ್ಪ ತರಿತರಿ. ರಾಗಿ ಹಿಟ್ಟು ಹಾಕಿ ನೋಡು ಅಂತ ಮಂಡ್ಯದವರು ಯಾರಾದ್ರೂ ಹೇಳೇ ಹೇಳ್ತಾರೆ, ನಾನೂ ಮಾಡಿದೆ, ಬೆಣ್ಣೇಲಿ ಐದಾರು ನಿಮಿಷ ಹುರಿದ್ರೆ ಹಸಿ ವಾಸನೆ ಹೋಗತ್ತೆ, ಗಟ್ಟಿನೂ ಆಗತ್ತೆ. ಬಟಾಣಿ ಚೀಸ್ ಜೊತೆ ಹಾಕಿದಾಗ ಅಂಬಲೀಲಿ ಬಟಾಣಿ ಬಿದ್ದಂಗೆ ಕಾಣಿಸ್ತು, ಮಗಳು ಮುಟ್ಲಿಲ್ಲ. ಅದೇ ಮಟನ್ ಕೈಮಾ ಜೊತೆ ಹಾಕಿದಾಗ ಬಣ್ಣನೂ ಹೊಂದಿಕೊಳ್ತು ರುಚಿನೂ ಹೊಂದಿಕೊಳ್ತು. ಅಂದ್ರೆ ರಾಗಿ ಮಾಂಸದ ಜೊತೆಗೆ, ಬೇರೆಯದಕ್ಕೆ ಮೈದಾ ಅಥವಾ ಅಕ್ಕಿ ಹಿಟ್ಟು.

ಸೌರ್ ಕ್ರೀಮಿಗೆ ಬಟ್ಟೇಲಿ ಕಟ್ಟಿ ಎರಡು ಗಂಟೆ ನೀರು ಸೋರಿಸಿದ ಗಟ್ಟಿ ಮೊಸರು ಸಾಕು, ತಾಜಾ ಇರ್ಲಿ. ಒಲೆ ಆರಿಸಿ ಸಾಸ್ ಸ್ವಲ್ಪ ಆರಿದ ಮೇಲೆ ಒಂದು ಸ್ಪೂನ್ ಮೈದಾ ಕಲಸಿದ ಮೊಸರು ಸೇರಿಸಿ, ಮಜ್ಜಿಗೆ ಹುಳಿ ಒಡೀದಿರೋಕೆ ಏನ್ ಮಾಡ್ತೀವೋ ಅದೇ ಲೆಕ್ಕ. ಟೊಮೇಟೊ ಹಾಕೋ ಆಸೆ ಇದ್ರೆ ಸಾಸ್ ಒಳಗೆ ಹಾಕ್ಬೇಡಿ, ಹುಳಿಗೆ ಹಾಲು ಒಡೆದು ತರಿತರಿ ಆಗತ್ತೆ, ಬಿಲ್ಲೆ ಮಾಡಿ ಮೇಲಿಡಿ.

ಹೊಟ್ಟೆ ತುಂಬಿಸೋದು ಯಾವುದು

ಎಗ್ ನೂಡಲ್ಸ್ ಬದಲಿಗೆ ಪೆನ್ನೆ ಅಥವಾ ಮ್ಯಾಕರೋನಿ, ಪ್ಯಾಕೆಟ್ ಮೇಲೆ ಬರೆದ ಟೈಮಿಗಿಂತ 2 ನಿಮಿಷ ಮುಂಚೆ ಬಸಿದುಬಿಡಿ, ಉಳಿದಿದ್ದು ಸಾಸಲ್ಲಿ ಬೇಯತ್ತೆ. 12 ಔನ್ಸ್ ಅಂದ್ರೆ 340 ಗ್ರಾಂ, ಅರ್ಧ ರೆಸಿಪಿಗೆ 170. ಕೊಳ್ಳೋವಾಗ ಡ್ಯೂರಮ್ ಗೋಧಿ ರವೆ ಅಂತ ಬರೆದಿರೋದೇ ತಗೊಳ್ಳಿ, ಬರೀ ಮೈದಾದ್ದು ಅಂಟಂಟು. ಶಾವಿಗೆ ಹಾಕ್ಬಹುದಾ ಅಂತ ನಮ್ಮ ಬೀದೀಲೇ ಮೂರು ಜನ ಕೇಳಿದಾರೆ. ಬೇಡ, ಪಾಯಸಕ್ಕೂ ಆಗಲ್ಲ ಉಪ್ಪಿಟ್ಟಿಗೂ ಆಗಲ್ಲ ಅಂಥ ಮುದ್ದೆ ಆಗತ್ತೆ. ಒತ್ತು ಶಾವಿಗೇನಂತೂ ಕಾಯಿಹಾಲಿಗೇ ಬಿಟ್ಬಿಡಿ, ಅದಕ್ಕೆ ಯಾಕೆ ಈ ಕಷ್ಟ.

ಆಲೂಗಡ್ಡೆ ನನ್ನ ಫೇವರಿಟ್. 3 ಮಿಲಿಮೀಟರ್ ದಪ್ಪ ಬಿಲ್ಲೆ, ಉಪ್ಪು ನೀರಲ್ಲಿ ಏಳೆಂಟು ನಿಮಿಷ ಬೇಯಿಸಿ ಜೋಡಿಸೋದು, ಹಸೀದನ್ನೇ ಹಾಕಿದ್ರೆ ಒಂದು ಗಂಟೆ ಬೇಕು, ಗ್ಯಾಸ್ ಮೇಲೆ ಮಾಡೋರಿಗೆ ಅದು ಆಗದ ಮಾತು. ಅನ್ನದಲ್ಲಿ ಮಾಡೋದಾದ್ರೆ ಸೋನಾ ಮಸೂರಿ ಬೇಗ ಮೆತ್ತಗಾಗತ್ತೆ, ರಾಜಮುಡಿ ಸಿಕ್ಕಿದ್ರೆ ಅದು, ಉದುರುದುರಾಗಿ ಮಾಡಿ ಪೂರ್ತಿ ಆರಿಸಿ ಹಾಕಿ. ಅನ್ನದ ಕ್ಯಾಸರೋಲನ್ನ ಅತ್ತೆ ಮೊದಲ ಸಲ ತಿಂದಾಗ "ಬಿಸಿಬ್ಯಾಳೆ ಬಾತ್‌ಗೆ ಹಾಲು ಉಯ್ದಂಗೈತಲ್ಲ ಮಗಾ" ಅಂದಿದ್ರು. ಅವತ್ತಿಂದ ಅವ್ರ ಮನೇಲಿ ಆಲೂ ಮಾತ್ರ.

ಚಿಕನ್ನಾ, ಮಟನ್ನಾ, ಕಾಳಾ

ಚಿಕನ್ ಅಕ್ಕನ ಥರಾನೇ, ಬೇಯಿಸಿ ಎಳೆ ಎಳೆ ಬಿಡಿಸೋದು, ಬೇಯಿಸಿದ ನೀರನ್ನ ಸಾಸಲ್ಲಿ ಕಾಲು ಭಾಗ ಹಾಲಿನ ಬದಲಿಗೆ ಹಾಕಿ. ಹೇಳೋಕೆ ಇನ್ನೇನಿಲ್ಲ.

ಮಟನ್ನಿಗೆ ಬನ್ನೂರು ಕುರಿ ಸಿಗೋ ಊರಲ್ಲಿ ಕೂತ್ಕೊಂಡು ಬೇರೇದು ಯೋಚನೆ ಮಾಡೋದೇ ಬೇಡ. ಆ ಗಿಡ್ಡ ಕಾಲಿನ ಮಂಡ್ಯ ತಳಿಯ ಮಾಂಸ ಮೆತ್ತಗೆ, ಕೊಬ್ಬು ಇರತ್ತೆ, ಅದಕ್ಕೇ ಸಾಸಿನ ಬೆಣ್ಣೆ ಅರ್ಧ ಮಾಡಿ. ಕೈಮಾನ ಈರುಳ್ಳಿ ಬೆಳ್ಳುಳ್ಳಿ ಮೆಣಸು ಹಾಕಿ ಒಣಗೋ ಹಾಗೆ ಹುರಿದು ಕೆಳಗೆ ಹರಡಿ, ರಾಗಿ ಸಾಸ್ ಮಧ್ಯಕ್ಕೆ, ಮೇಲೆ ಆಲೂ ಕಿವುಚಿ ಬೆಣ್ಣೆ ಹಾಕಿ ಮೆತ್ತಿ ಫೋರ್ಕಲ್ಲಿ ಗೆರೆ ಎಳೀರಿ, ಗೆರೆಗಳ ತುದಿ ಕೆಂಪಾಗತ್ತೆ. ಇದಕ್ಕೆ ಚೀಸ್ ಬೇಡ. ಹಾಕಿದ್ರೆ ಮಟನ್ ವಾಸನೆ ಮುಚ್ಚೋಗತ್ತೆ, ಅಷ್ಟು ಕೊಟ್ಟು ತಂದಿರ್ತೀರಿ.

ಸೋಮವಾರ, ಶನಿವಾರ, ಶ್ರಾವಣ ಅಂತ ನಮ್ಮ ಮನೇಲಿ ವರ್ಷದಲ್ಲಿ ಅರ್ಧ ಸಸ್ಯಾಹಾರನೇ, ಹಂಗಾಗಿ ಜಾಸ್ತಿ ಪ್ರಯೋಗ ನಡೆದಿರೋದು ಇಲ್ಲೇ. ಸೋಯಾ ಚಂಕ್ಸ್ ಎರಡು ಸಲ ಬಿಸಿನೀರಲ್ಲಿ ಹಾಕಿ ಹಿಂಡಿ ಹಾಕಿದ್ರೂ ನನಗೆ ಸ್ಪಾಂಜ್ ಕಚ್ಚಿದಂಗೆ. ಪನೀರು ತಪ್ಪಿಲ್ಲ, ಆದ್ರೆ ಅದು ಕರಗಲ್ಲ ಅನ್ನೋದು ನೆನಪಿರ್ಲಿ, ಹುಳಿ ಹಾಕಿ ಒಡೆಸಿ ಮಾಡಿದ್ದು ಬಿಸಿಗೆ ಹಂಗೇ ನಿಲ್ಲತ್ತೆ, ಚೀಸಿನ ಬದಲಿಗೆ ತುರಿದು ಮೇಲೆ ಹಾಕಿ ಯಾಕೆ ಎಳೆ ಬರ್ಲಿಲ್ಲ ಅಂತ ಕೇಳ್ಬೇಡಿ, ಚಿಕನ್ನಿನ ಬದಲಿಗೆ ತುಂಡು ಮಾಡಿ ಒಳಗೆ ಹಾಕಿ. ಆದ್ರೆ ಡಿಸೆಂಬರ್ ಜನವರಿಲಿ ಮಾಡೋರು ಇವೆರಡನ್ನೂ ಬಿಟ್ಟು ಹಿತಕಿದ ಅವರೆಕಾಳು ಹಾಕಿ ನೋಡಿ. ಮೈಸೂರಿನ ದೇವರಾಜ ಮಾರ್ಕೆಟ್ಟಲ್ಲಿ ಸೊಗಡು ಅವರೆ ರಾಶಿ ಬಿದ್ದಿರತ್ತೆ, ಬಿಡಿಸಿ ರಾತ್ರಿ ನೆನೆಸಿ ಬೆಳಿಗ್ಗೆ ಟಿವಿ ಮುಂದೆ ಕೂತು ಹಿತುಕಿದ್ರೆ ಕೆಲಸ ಆಗೋಯ್ತು. ಕುಕ್ಕರಲ್ಲಿ ಹಾಕ್ಬೇಡಿ, ತೆರೆದ ಪಾತ್ರೇಲಿ ಉಪ್ಪು ಹಾಕಿ ಹತ್ತು ಹನ್ನೆರಡು ನಿಮಿಷ, ಹಿಸುಕಿದ್ರೆ ಹಿಟ್ಟಾಗ್ಬೇಕು, ಆದ್ರೆ ಕಾಳು ಇಡಿಯಾಗಿರ್ಬೇಕು. ವೈಟ್ ಸಾಸಿನ ಸಪ್ಪೆಗೆ ಆ ಸೊಗಡಿನ ವಾಸನೆ ಎಷ್ಟು ಚೆನ್ನಾಗಿ ಕೂರತ್ತೆ ಅಂದ್ರೆ ನನ್ನ ಲೆಕ್ಕದಲ್ಲಿ ಆಲೂ ಅವರೆಕಾಳು ಕ್ಯಾಸರೋಲು ಅಕ್ಕನ ಒರಿಜಿನಲ್ಲಿಗಿಂತ ಒಂದು ಕೈ ಮೇಲೆ. ಅವಳಿಗೆ ಹೇಳಿದೀನಿ, ಒಪ್ಪಿಲ್ಲ.

ಹಾಲು ಚೀಸು ಎರಡೂ ಬೇಡ ಅನ್ನೋರಿಗೆ ಹಸಿರು ಈರನಗೆರೆ ಬದನೆಕಾಯಿ ಬಿಲ್ಲೆ ಹುರಿದು, ಎರಡು ಸ್ಪೂನ್ ವಾಂಗಿಬಾತ್ ಪುಡಿ, ದಪ್ಪ ಕಾಯಿಹಾಲಿಗೆ ಒಂದು ಸ್ಪೂನ್ ಅಕ್ಕಿ ಹಿಟ್ಟು ಕದಡಿ ಸುರಿದು ಬೇಕ್ ಮಾಡಿ. ಕಾಯಿಹಾಲು ಮೊದಲೇ ಕುದಿಸ್ಬೇಡಿ, ಒಡೆಯತ್ತೆ. ಇದನ್ನ ಕ್ಯಾಸರೋಲ್ ಅನ್ಬೇಕಾ ವಾಂಗಿಬಾತಿನ ತಂಗಿ ಅನ್ಬೇಕಾ ಅಂತ ಮನೇಲಿ ಇನ್ನೂ ಜಗಳ ಇದೆ.

ಚೀಸು, ಮತ್ತೆ ಮೇಲಿನ ಪುಡಿ

ಅರ್ಧ ರೆಸಿಪಿಗೆ ಒಂದು ಕಪ್ ತುರಿದ ಚೀಸ್ ಅಂದ್ರೆ ಸುಮಾರು 110 ಗ್ರಾಂ, 200 ಗ್ರಾಂ ಅಮುಲ್ ಬ್ಲಾಕಲ್ಲಿ ಅರ್ಧಕ್ಕಿಂತ ಒಂಚೂರು ಜಾಸ್ತಿ. ಪ್ರೊಸೆಸ್ಡ್ ಚೀಸು ಎಳೆ ಬರಲ್ಲ, ಆದ್ರೆ ಅದರಲ್ಲಿ ಎಣ್ಣೆ ಬೇರೆ ಆಗದ ಹಾಗೆ ಹಿಡಿದಿಡೋ ಲವಣ ಹಾಕಿರ್ತಾರೆ, ಹಂಗಾಗಿ ಸಾಸ್ ಒಳಗೆ ಕರಗಿಸೋಕೆ ಅದೇ ಬೆಸ್ಟು, ನುಣ್ಣಗೆ ಬರತ್ತೆ. ಮೊಜರೆಲ್ಲಾ ಎಳೆ ಬರತ್ತೆ, ಫೋಟೋಗೆ ಚೆಂದ, ರುಚಿ ಸಪ್ಪೆ. ಅದಕ್ಕೆ ಒಳಗೆ ಪ್ರೊಸೆಸ್ಡು, ಮೇಲೆ ಒಂದು ಹಿಡಿ ಮೊಜರೆಲ್ಲಾ. ಒಂದೇ ತರೋಕಾಗೋದು ಅಂದ್ರೆ ಪ್ರೊಸೆಸ್ಡ್ ತನ್ನಿ. ಬೆಣ್ಣೇಲೂ ಉಪ್ಪು, ಚೀಸಲ್ಲೂ ಉಪ್ಪು, ಆದ್ರಿಂದ ಸಾಸಿಗೆ ಉಪ್ಪನ್ನ ಚೀಸ್ ಕರಗಿದ ಮೇಲೆ ನಾಲಿಗೆಗೆ ಇಟ್ಟು ನೋಡಿ ಹಾಕಿ.

ಪುಡಿ ವಿಷಯಕ್ಕೆ ಬಂದ್ರೆ ನಮ್ಮೂರೇ ಗೆದ್ದಿದ್ದು. ಅಮೆರಿಕದಲ್ಲಿ ಥ್ಯಾಂಕ್ಸ್‌ಗಿವಿಂಗ್ ಹಬ್ಬಕ್ಕೆ ಮಾಡೋ ಹುರುಳಿಕಾಯಿ ಕ್ಯಾಸರೋಲ್ ಅಂತ ಒಂದಿದೆ, 1955ರಲ್ಲಿ ಕ್ಯಾಂಬೆಲ್ ಸೂಪ್ ಕಂಪನಿಯ ಟೆಸ್ಟ್ ಕಿಚನ್ನಲ್ಲಿ ಡಾರ್ಕಸ್ ರೈಲಿ ಅನ್ನೋರು ಮಾಡಿದ್ದು, ಅದೇ ಮಶ್ರೂಮ್ ಸೂಪಿನ ಟಿನ್ನು, ಹುರುಳಿಕಾಯಿ, ಮೇಲೆ ಕರಿದ ಈರುಳ್ಳಿ. ಕರಿದ ಈರುಳ್ಳಿ ಅಂತ ಓದಿದ ತಕ್ಷಣ ನನಗೆ ನೆನಪಾಗಿದ್ದು ಮದ್ದೂರು ವಡೆ. ರವೆ, ಮೈದಾ, ಅಕ್ಕಿ ಹಿಟ್ಟು, ಈರುಳ್ಳಿ, ಎಲ್ಲಾ ಅದರಲ್ಲೇ ಇದೆಯಲ್ಲ. ಹಿಂದಿನ ದಿನದ್ದು ಎರಡು ವಡೆ ಕೈಯಲ್ಲಿ ಮುರಿದು ತವಾ ಮೇಲೆ ಗರಿ ಮಾಡಿ ಹಾಕಿದೆ, ಮನೆಯವರು ಮೇಲಿನ ಪದರ ಮಾತ್ರ ಎತ್ತಿ ತಿಂದು ಕೆಳಗಿಂದು ನನಗೆ ಬಿಟ್ರು. ಒಂದೇ ತೊಂದರೆ, ಬಿಸಿ ವಡೆ ಹಾಕಿದ್ರೆ ಅದರ ಒಳಗಿನ ಮೆತ್ತಗಿನ ಭಾಗ ಸಾಸ್ ಹೀರ್ಕೊಂಡು ನೆನೆದ ಬ್ರೆಡ್ ಥರ ಆಗತ್ತೆ. ನಿಪ್ಪಟ್ಟು ಇನ್ನೂ ಸೇಫು, ಕಡಲೆಕಾಯಿ ಬೀಜ ಸಿಗತ್ತೆ, ಖಾರ ಇರತ್ತೆ, ಮೆತ್ತಗಾಗಲ್ಲ. ಅಯ್ಯಂಗಾರ್ ಬೇಕರಿ ರಸ್ಕು ಪುಡಿ ಬೆಣ್ಣೇಲಿ ಕಲಸಿದ್ರೆ ಅಕ್ಕನ ಕ್ರ್ಯಾಕರಿಗೆ ತೀರಾ ಹತ್ತಿರ ಬರತ್ತೆ, ಸ್ವಲ್ಪ ಸಿಹಿ ಅಷ್ಟೇ, ಮಕ್ಕಳಿಗೆ ಅದೇ ಇಷ್ಟ. ಕಾರ್ನ್‌ಫ್ಲೇಕ್ಸ್ ಹಾಕೋರೂ ಇದಾರೆ, ನನಗ್ಯಾಕೋ ಬೆಳಗಿನ ತಿಂಡಿ ನೆನಪಾಗತ್ತೆ.

ಖಾರಕ್ಕೆ ಹಸಿಮೆಣಸಿನಕಾಯಿ ಎರಡು, ಕುಟ್ಟಿದ ಕಾಳುಮೆಣಸು, ಒಂದಿಷ್ಟು ಹುರಿದ ಜೀರಿಗೆ. ಗರಂ ಮಸಾಲ ಹಾಕ್ಬೇಡಿ, ಹಾಲಿನ ಸಾಸಲ್ಲಿ ಅದು ಔಷಧಿ ಥರ ಹೊಡೆಯತ್ತೆ.

ಯಾರು ಯಾವುದು ಮಾಡ್ಬೇಕು ಅಂತ ಕೇಳಿದ್ರೆ, ಮೊದಲ ಸಲ ಮಾಡೋರು ಪಾಸ್ತಾ, ಮೈದಾ ಸಾಸು, ಚಿಕನ್ ಅಥವಾ ಪನೀರು, ರಸ್ಕು ಪುಡಿ, ಇಷ್ಟರಲ್ಲಿ ಮಾಡಿ, ಕೆಡೋ ಚಾನ್ಸ್ ತೀರಾ ಕಮ್ಮಿ. ಹಿರಿಯರಿರೋ ಮನೆ ಆದ್ರೆ ಆಲೂ, ಅವರೆಕಾಳು, ನಿಪ್ಪಟ್ಟು. ಭಾನುವಾರ ನೆಂಟರು ಬರ್ತಿದಾರೆ ಅಂದ್ರೆ ಮಟನ್ನು. ಒಂದು ಸಲಕ್ಕೆ ಒಂದೇ ಸಾಮಾನು ಬದಲಾಯಿಸಿ ನೋಡಿ, ನಾನು ಎಲ್ಲಾ ಒಟ್ಟಿಗೇ ಬದಲಾಯಿಸಿ ಯಾವುದರಿಂದ ಕೆಟ್ಟಿದ್ದು ಅಂತ ತಿಳೀದೆ ಮೂರು ಭಾನುವಾರ ಕಳ್ಕೊಂಡೆ.

ಇನ್ನ ಹಿಂದಿನ ದಿನವೇ ಮಾಡಿಡೋದಾದ್ರೆ, ಜೋಡಿಸಿ ಫ್ರಿಜ್ಜಲ್ಲಿಡಿ, ಪುಡಿ ಬೇರೆ ಡಬ್ಬೀಲಿರ್ಲಿ. ಪಾಸ್ತಾ ರಾತ್ರಿಯೆಲ್ಲ ಸಾಸ್ ಕುಡಿಯತ್ತೆ, ಅದಕ್ಕೆ ಕಾಲು ಕಪ್ ಹಾಲು ಜಾಸ್ತಿ ಹಾಕಿರಿ, ಬೇಯಿಸೋ ಒಂದು ಗಂಟೆ ಮುಂಚೆ ಹೊರಗೆ ತೆಗೆದು, ಟೈಮಿಗೆ 10-15 ನಿಮಿಷ ಸೇರಿಸಿ. ಮೈಸೂರಿಂದ ಮಂಡ್ಯಕ್ಕೆ 45 ಕಿಲೋಮೀಟರು, ಬೇಯಿಸಿದ್ದನ್ನ ಟವೆಲಲ್ಲಿ ಸುತ್ತಿ ತಗೊಂಡು ಹೋದ್ರೆ ಉಗುರು ಬೆಚ್ಚಗೆ ತಲುಪತ್ತೆ, ಎರಡು ಗಂಟೆಗಿಂತ ಜಾಸ್ತಿ ಹಂಗೇ ಇಡ್ಬೇಡಿ, ಹಾಲು ಮಾಂಸ ಎರಡೂ ಇರೋದು. ಅಟ್ಟದ ಮೇಲಿನ ಹಾಟ್‌ಬಾಕ್ಸ್ ಒಂದನ್ನ ಕೊನೆಗೂ ಬಿಚ್ಚಿದ್ದು ಇದಕ್ಕೇನೇ, ಕ್ಯಾಸರೋಲಲ್ಲಿ ಕ್ಯಾಸರೋಲು.

ಉಳಿದಿದ್ದು ಮಾರನೆ ದಿನ ಫ್ರಿಜ್ಜಲ್ಲಿ ಗಟ್ಟಿಯಾಗಿ ಕೂತಿರತ್ತೆ, ಬರ್ಫಿ ಥರ ಚಾಕುವಲ್ಲಿ ಕತ್ತರಿಸಿ ದೋಸೆ ಕಾವಲಿ ಮೇಲೆ ತುಪ್ಪ ಹಾಕಿ ಎರಡೂ ಕಡೆ ಕೆಂಪಗೆ ಮಾಡಿ. ಆಲೂದು ಚೆನ್ನಾಗಿ ನಿಲ್ಲತ್ತೆ, ಪಾಸ್ತಾದು ಸ್ವಲ್ಪ ಬಿಚ್ಚಿಕೊಳ್ಳತ್ತೆ. ಅತ್ತೆ ಅದನ್ನ ಅಕ್ಕಿ ರೊಟ್ಟಿ ಮಧ್ಯ ಇಟ್ಟು ಹುಚ್ಚೆಳ್ಳು ಚಟ್ನಿಪುಡಿ ಉದುರಿಸ್ಕೊಂಡು ತಿಂತಾರೆ.